ಬಾಯಿ ಅವರದು, ಮಾತು ನಮ್ಮದು

ಬೇರೆ ಭಾಷೆಯ ಸಿನಿಮಾಗಳಿಗೆ, ವೆಬ್ ಸರಣಿಗಳಿಗೆ ಕನ್ನಡದಲ್ಲಿ ಡೈಲಾಗ್ ಬರೆಯುವುದು ನನ್ನ ಹೊಟ್ಟೆಪಾಡು. ಹಾಗಂತ ಹೇಳಿದರೆ 'ಓ, ಅನುವಾದಾನಾ' ಅನ್ನುತ್ತಾರೆ. ಅಲ್ಲ ಅಂತ ವಿವರಿಸಲು ಹೋಗಿ, ಅರ್ಧದಲ್ಲೇ ಕೈಬಿಟ್ಟು, 'ಹೂಂ, ಅದೇ' ಅಂದು ಮಾತು ಮುಗಿಸುವುದು ರೂಢಿಯಾಗಿಬಿಟ್ಟಿದೆ. ಇವತ್ತು ಪೂರ್ತಿ ಹೇಳುತ್ತೇನೆ. ನಡುವೆ ಸಿನಿಮಾ ಹಾಡುಗಳ ವಿಷಯವೂ ಬರುತ್ತದೆ, ಯಾಕಂದರೆ ಈ ಕೆಲಸದಲ್ಲಿ ನನಗೆ ಗುರು ಅಂತ ಯಾರಾದರೂ ಇದ್ದರೆ ಅದು ಹಾಡು ಬರೆಯುವವರು.

ಕೆಲಸ ಹೀಗಿರುತ್ತದೆ. ಒಂದು ಕಡೆ ವಿಡಿಯೋ, ಇನ್ನೊಂದು ಕಡೆ ಎಕ್ಸೆಲ್ ಶೀಟ್. ಮೊದಲ ಕಾಲಂನಲ್ಲಿ ಸಮಯ, ಎರಡನೆಯದರಲ್ಲಿ ಪಾತ್ರದ ಹೆಸರು, ಮೂರನೆಯದರಲ್ಲಿ ಇಂಗ್ಲಿಷ್ ಮಾತು. ನಾಲ್ಕನೆಯದು ಖಾಲಿ. ಆ ಖಾಲಿ ಕಾಲಂ ನನ್ನ ಪಾಲಿನದು. ಅದರಲ್ಲಿ ಅರ್ಥ ಸರಿಯಾಗಿ ಬರೆದರೆ ಸಾಲದು. ಪರದೆಯ ಮೇಲಿನ ನಟ ಬಾಯಿ ತೆರೆದಾಗ ಮಾತು ಶುರುವಾಗಬೇಕು, ಮುಚ್ಚಿದಾಗ ನಿಲ್ಲಬೇಕು. ನಡುವೆ ತುಟಿಗೆ ತುಟಿ ತಾಗಿದರೆ ಅಲ್ಲಿ ಪ, ಬ, ಮ ಯಾವುದಾದರೂ ಒಂದು ಅಕ್ಷರ ಬೀಳಬೇಕು. ಮುಖವನ್ನು ಹತ್ತಿರದಿಂದ ತೋರಿಸುವ ಶಾಟ್ ಆದರೆ ಇದೆಲ್ಲ ಕಟ್ಟುನಿಟ್ಟು, ದೂರದ ಶಾಟ್ ಆದರೆ ಸ್ವಲ್ಪ ಸಡಿಲ. ನಟ ಬೆನ್ನು ತಿರುಗಿಸಿ ನಿಂತಿದ್ದಾನಾ, ಹಾಗಾದರೆ ಹಬ್ಬ. ಏನು ಬೇಕಾದರೂ ಮಾತಾಡಿಸಬಹುದು. ಅದಕ್ಕೇ ಗೋಡೆ ನೋಡುತ್ತಾ ಮಾತಾಡುವ ಪಾತ್ರಗಳನ್ನು ಕಂಡರೆ ನನಗೆ ಒಂಥರಾ ಪ್ರೀತಿ.

ಸ್ಟುಡಿಯೋದಲ್ಲಿ ಎರಡು ದೂರು ದಿನಾ ಕೇಳಿಬರುತ್ತವೆ. 'ಸರ್, ಮಾತು ಉದ್ದ ಆಯ್ತು', ಇಲ್ಲವೇ 'ಸರ್, ಇನ್ನೂ ಬಾಯಿ ಆಡ್ತಿದೆ'. ನಮ್ಮ ಕನ್ನಡದಲ್ಲಿ ಉದ್ದದ ತಾಪತ್ರಯವೇ ಜಾಸ್ತಿ. 'ಮಾಡುತ್ತಿದ್ದೇನೆ' ಅಂತ ಬರೆದರೆ ಆ ಪದ ಮುಗಿಯುವಷ್ಟರಲ್ಲಿ ಪರದೆಯ ಮೇಲಿನ ಮನುಷ್ಯ ಬಾಗಿಲು ತೆಗೆದು ಆಚೆ ಹೋಗಿರುತ್ತಾನೆ. 'ಮಾಡ್ತಿದೀನಿ' ಅಂದರೆ ಬಚಾವ್. ಕಿವಿಗೆ ಹಿತವಾಗಿದ್ದು ತುಟಿಗೂ ಹೊಂದುವುದು ನನ್ನ ಅದೃಷ್ಟ, ಯಾಕಂದರೆ ಮನೆಯಲ್ಲಿ, ಬೀದಿಯಲ್ಲಿ ನಾವು ಆಡುವುದೂ ಹಾಗೇ ಅಲ್ವಾ?

ಸಬ್‌ಟೈಟಲ್‌ನ ಗೋಳು ಬೇರೆ. ಅಲ್ಲಿ ತುಟಿಯ ಕಾಟ ಇಲ್ಲ, ಕಣ್ಣಿನ ಕಾಟ ಇದೆ. ಒಂದು ಸಲಕ್ಕೆ ಎರಡೇ ಸಾಲು, ಹೆಚ್ಚೆಂದರೆ ಏಳು ಸೆಕೆಂಡ್. ಅಷ್ಟರಲ್ಲಿ ಓದಿಯೂ ಮುಗಿಸಬೇಕು, ನಟನ ಮುಖವನ್ನೂ ನೋಡಬೇಕು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನನಗೆ ನಿಜಕ್ಕೂ ನಿದ್ದೆ ಕೆಡಿಸುವುದು ಉದ್ದವಲ್ಲ, ಪದಗಳ ಸಾಲು. ಯಾವುದು ಮೊದಲು, ಯಾವುದು ಕೊನೆಗೆ ಅನ್ನುವುದು. ಒಂದು ಪತ್ತೇದಾರಿ ಸರಣಿಯ ಕೊನೆಯ ಕಂತು. ಪೊಲೀಸ್ ಅಧಿಕಾರಿ ಮೇಜಿನ ಈಚೆ, ಆಚೆ ಒಬ್ಬ ಮಧ್ಯವಯಸ್ಸಿನವನು, ಅವನ ಹಿಂದೆ ಗೋಡೆಗೆ ಒರಗಿ ನಿಂತ ಅವನ ತಮ್ಮ. ಅಧಿಕಾರಿ ಇಂಗ್ಲಿಷ್‌ನಲ್ಲಿ ಒಂದೇ ವಾಕ್ಯ ಹೇಳುತ್ತಾನೆ, ವಾಕ್ಯದ ಕಟ್ಟಕಡೆಯಲ್ಲಿ ಕೊಲೆಗಾರ ಯಾರು ಅನ್ನುವುದಿದೆ, ಸರಿಯಾಗಿ ಆ ಪದಕ್ಕೇ ಕ್ಯಾಮೆರಾ ತಮ್ಮನ ಮುಖಕ್ಕೆ ಹೋಗುತ್ತದೆ. ನಾನು ಬರೆಯುವಾಗ ಕೈಗೆ ಮೊದಲು ಬಂದದ್ದು 'ನಿನ್ನ ತಮ್ಮ ಅವಳನ್ನ ಕೊಂದ'. ವ್ಯಾಕರಣಕ್ಕೆ ಇದಕ್ಕಿಂತ ಶುದ್ಧ ವಾಕ್ಯ ಬೇಕೇ? ಆದರೆ ಓಡಿಸಿ ನೋಡಿದರೆ ಕ್ಯಾಮೆರಾ ಇನ್ನೂ ಅಧಿಕಾರಿಯ ಮೀಸೆಯ ಮೇಲಿರುವಾಗಲೇ ಗುಟ್ಟು ರಟ್ಟಾಗಿಹೋಗಿದೆ. ತಮ್ಮನ ಮುಖ ಬರುವ ಹೊತ್ತಿಗೆ ಉಳಿದಿರುವುದು 'ಕೊಂದ' ಮಾತ್ರ. ಎಂಟು ಕಂತು ಕಾದವನಿಗೆ ಅದು ಸಾಕಾಗುತ್ತದಾ?

ಆಮೇಲೆ ಹೀಗೆ ತಿರುಗಿಸಿದೆ: 'ಅವಳನ್ನ ಕೊಂದಿದ್ದು... ನಿನ್ನ ತಮ್ಮ.' ಗುಟ್ಟು ಕೊನೆಗೆ ಬಂತು. ನಡುವೆ ಉಸಿರು ತೆಗೆದುಕೊಳ್ಳಲು ಜಾಗವೂ ಸಿಕ್ಕಿತು. ಕೊನೆಯ 'ಮ್ಮ'ದಲ್ಲಿ ತುಟಿ ಮುಚ್ಚುವುದು ನಾನು ಲೆಕ್ಕ ಹಾಕಿ ತಂದದ್ದಲ್ಲ, ಅದಾಗಿಯೇ ಬಂದದ್ದು. ಇಂಥ ಸಾಲು ಸಿಕ್ಕ ದಿನ ಉಳಿದ ಕೆಲಸ ಸುಮ್ನೆ ಮುಗಿದುಹೋಗುತ್ತದೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ಬರಬೇಕು ಅಂತ ಶಾಲೆಯಲ್ಲಿ ಕಲಿಸುತ್ತಾರಲ್ಲ, ಅದು ಪರೀಕ್ಷೆಯ ಉತ್ತರಪತ್ರಿಕೆಗೆ ಸರಿ. ಬಾಯಿಮಾತಿಗೆ ಆ ನಿಯಮವನ್ನು ಯಾರೂ ಹಚ್ಚಿಕೊಂಡಿಲ್ಲ. 'ಬಂದ್ನಾ ಅವನು?' 'ಎಲ್ಲಿಟ್ಟೆ ಕೀನ?' 'ಹೇಳಿದ್ನಲ್ಲ ನಾನು ಆವತ್ತೇ.' ಇದೆಲ್ಲದರಲ್ಲೂ ಕ್ರಿಯಾಪದ ಮುಂದೆ ಓಡಿ ಬಂದಿದೆ. ಯಾರು ಕೊಂದರು, ಯಾರು ಸತ್ತರು ಅನ್ನುವುದನ್ನು ವಿಭಕ್ತಿ ಹಿಡಿದುಕೊಂಡಿರುವುದರಿಂದ ಪದಗಳು ಎಲ್ಲಿ ಬೇಕಾದರೂ ತಿರುಗಾಡಬಹುದು. 'ರಾಮ ರಾವಣನನ್ನು ಕೊಂದ' ಅನ್ನಿ, 'ರಾವಣನನ್ನು ಕೊಂದ ರಾಮ' ಅನ್ನಿ, ಸತ್ತವನು ರಾವಣನೇ. (ಎರಡನೆಯದನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಅದು ಪೂರ್ತಿ ವಾಕ್ಯವೇ ಅಲ್ಲ, ರಾವಣನನ್ನು ಕೊಂದಂಥ ರಾಮ ಅಂತಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಕಂಠದಾನ ಮಾಡುವವರ ಕೈಯಲ್ಲಿದೆ. ಹಾಗಾಗಿ ನಾನು ಶೀಟ್‌ನಲ್ಲಿ ಚುಕ್ಕಿ ಜಾಸ್ತಿ ಹಾಕುತ್ತೇನೆ ಅಂತ ನನ್ನನ್ನು ಆಡಿಕೊಳ್ಳುತ್ತಾರೆ.)

ಇದನ್ನು ನಾನು ಯಾವ ತರಬೇತಿಯಲ್ಲೂ ಕಲಿತದ್ದಲ್ಲ. ಹಾಡು ಕೇಳಿ ಕಲಿತದ್ದು.

ಸಿನಿಮಾದಲ್ಲಿ ಈಗ ಹೆಚ್ಚಿನ ಸಲ ಮೊದಲು ಟ್ಯೂನ್, ಆಮೇಲೆ ಸಾಹಿತ್ಯ. ಸಂಗೀತ ನಿರ್ದೇಶಕರು 'ಲಾಲಲಾ' ಅಂತಲೋ, ಅರ್ಥವಿಲ್ಲದ ಡಮ್ಮಿ ಪದ ಹಾಕಿಯೋ ಒಂದು ಟ್ರ್ಯಾಕ್ ಹಾಡಿ ಕಳಿಸುತ್ತಾರೆ. ಬರೆಯುವವರು ಅದರ ಅಳತೆಗೆ ಮಾತು ಕೂರಿಸಬೇಕು. ಎಲ್ಲಿ ಎಳೆಯುತ್ತದೋ ಅಲ್ಲಿ ದೀರ್ಘ ಬೇಕು, ಎಲ್ಲಿ ಪೆಟ್ಟು ಬೀಳುತ್ತದೋ ಅಲ್ಲಿ ಒತ್ತಕ್ಷರ ಬಂದರೆ ಚೆಂದ. ಯೋಚಿಸಿದರೆ ನನ್ನ ಕೆಲಸವೂ ಇದೇ. ಅವರಿಗೆ ಟ್ಯೂನ್, ನನಗೆ ತುಟಿ. ವ್ಯತ್ಯಾಸ ಅಂದರೆ ಅವರು ಬರೆದದ್ದನ್ನು ಜನ ಇಪ್ಪತ್ತು ವರ್ಷ ಗುನುಗುತ್ತಾರೆ.

2006ರಲ್ಲಿ ಬಂದ 'ಮುಂಗಾರು ಮಳೆ'ಯ 'ಅನಿಸುತಿದೆ ಯಾಕೋ ಇಂದು' ಹಾಡನ್ನು ತೆಗೆದುಕೊಳ್ಳಿ. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಸಾಹಿತ್ಯ. ಹಾಡು ಶುರುವಾಗುವುದೇ ಕ್ರಿಯಾಪದದಿಂದ. ಪಾಠದ ಕ್ರಮದಲ್ಲಿ ಬರೆದರೆ 'ಇಂದು ಯಾಕೋ' ಅಂತ ಶುರುವಾಗಿ 'ಅನಿಸುತಿದೆ' ಅಂತ ಮುಗಿಯಬೇಕು. ಆಗ ಅದು ದಿನಚರಿಯ ಸಾಲಾಗುತ್ತಿತ್ತೇ ಹೊರತು ಹಾಡಾಗುತ್ತಿರಲಿಲ್ಲ. 'ಅನಿಸುತಿದೆ' ಮೊದಲು ಬಂದದ್ದರಿಂದ ಏನು ಅನಿಸುತ್ತಿದೆ ಅಂತ ಕೇಳುವವರು ಮುಂದಿನ ಪದಕ್ಕೆ ಕಾಯುತ್ತಾರೆ. ಪತ್ತೇದಾರಿ ಸರಣಿಯಲ್ಲಿ ನಾನು ಮಾಡಿದ್ದೂ ಅದನ್ನೇ, ಪ್ರೇಮದ ಬದಲು ಕೊಲೆ, ಅಷ್ಟೇ.

ಕ್ರಿಯಾಪದವನ್ನು ಕೊನೆಗೇ ಕೂರಿಸುವುದರಿಂದ ಹಾಡಿಗೆ ಇನ್ನೊಂದು ಕೇಡಿದೆ. ಪ್ರಾಸ ಬಿಟ್ಟಿ ಸಿಗುತ್ತದೆ. ಎಲ್ಲ ಸಾಲೂ 'ಆಗಿದೆ, ಹೋಗಿದೆ, ಸೇರಿದೆ, ಜಾರಿದೆ' ಅಂತ ಮುಗಿಯುತ್ತಾ ಹೋಗುತ್ತದೆ. ಇಂಥ ಹಾಡುಗಳು ಈಗ ವಾರಕ್ಕೊಂದು ಬರುತ್ತಿವೆ, ಹೆಸರು ಹೇಳುವುದು ಬೇಡ. ನಮ್ಮ ಹಳೆಯ ಕವಿಗಳಿಗೆ ಈ ಪುಕ್ಕಟೆ ಪ್ರಾಸದ ಸೌಲಭ್ಯ ಇರಲಿಲ್ಲ. ಅವರು ಪ್ರಾಸ ಹಿಡಿಯುತ್ತಿದ್ದದ್ದು ಸಾಲಿನ ಎರಡನೆಯ ಅಕ್ಷರದಲ್ಲಿ. ಅಲ್ಲಿ ಕ್ರಿಯಾಪದದ ಬಾಲ ಸಹಾಯಕ್ಕೆ ಬರುವುದಿಲ್ಲ, ಪದವನ್ನು ಹುಡುಕಿಯೇ ತರಬೇಕು. ಅದೂ ಒಂದು ಕಾಲಕ್ಕೆ ಉಸಿರುಗಟ್ಟಿಸಿತು ಅನ್ನಿ, 1911ರಲ್ಲಿ ಗೋವಿಂದ ಪೈಗಳು ಆ ಪ್ರಾಸವನ್ನು ಬಿಟ್ಟು ಬರೆದಾಗ ದೊಡ್ಡ ಸುದ್ದಿಯಾಯಿತು. ಅವರು ಬಿಟ್ಟದ್ದು ಸರಿಯೇ. ಆದರೆ ಬಿಟ್ಟ ಜಾಗಕ್ಕೆ 'ಆಗಿದೆ ಹೋಗಿದೆ' ಬಂದು ಕೂರುತ್ತದೆ ಅಂತ ಅವರಾದರೂ ಅಂದುಕೊಂಡಿರುತ್ತಾರಾ?

ಉಲ್ಟಾ ನಡೆದದ್ದೂ ಉಂಟು. 1967ರ 'ಬೆಳ್ಳಿಮೋಡ'ದಲ್ಲಿ ಪುಟ್ಟಣ್ಣ ಕಣಗಾಲ್ ಬೇಂದ್ರೆಯವರ 'ಬೆಳಗು' ಕವಿತೆಯನ್ನು ತಂದರು. ಪದ ಎಂದೋ ಸಿದ್ಧವಾಗಿತ್ತು, ಟ್ಯೂನ್ ಅದಕ್ಕೆ ತಗ್ಗಿ ನಡೆಯಬೇಕಿತ್ತು. ವಿಜಯಭಾಸ್ಕರ್ ನಡೆಸಿದರು. ಹಂಸಲೇಖರದು ಮೂರನೇ ದಾರಿ: ಸಾಹಿತ್ಯವೂ ಅವರದೇ, ಸಂಗೀತವೂ ಅವರದೇ. 1987ರ 'ಪ್ರೇಮಲೋಕ'ವನ್ನು ಈಗ ಕೇಳಿದರೂ ಹುಡುಗ ಹುಡುಗಿ ನಿಂತು ಮಾತಾಡುತ್ತಿದ್ದಾರೋ ಹಾಡುತ್ತಿದ್ದಾರೋ ತಿಳಿಯದ ಹಾಗೆ ಸಾಲುಗಳು ಓಡುತ್ತವೆ. ಆಡುಮಾತನ್ನು ಹಾಗೇ ಎತ್ತಿ ತಾಳಕ್ಕೆ ಕೂರಿಸಿದ್ದಾರೆ. ಅಷ್ಟೊಂದು ಇಂಗ್ಲಿಷ್ ಬೇಕಿತ್ತಾ ಅಂತ ಮೂಗು ಮುರಿಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕಾಲೇಜು ಹುಡುಗರು ಹಾಗೇ ಮಾತಾಡುತ್ತಿದ್ದರು ಅನ್ನುವುದೇ ಅದಕ್ಕೆ ಉತ್ತರ. ಡೈಲಾಗ್ ಬರೆಯಲು ಹೊಸದಾಗಿ ಬರುವವರಿಗೆ ನಾನು ಆ ಕ್ಯಾಸೆಟ್ ಕಾಲದ ಹಾಡುಗಳನ್ನೇ ಕೇಳಲು ಹೇಳುತ್ತೇನೆ. ಕೆಲಸ ಮಾಡುವಾಗ ಮಾತ್ರ ಕೇಳಬಾರದು. ಬರೆಯುವ ಕೈಯನ್ನು ಹಾಡು ಎಳೆದುಕೊಂಡು ಹೋಗಿಬಿಡುತ್ತದೆ, ಆಮೇಲೆ ಸರಣಿಯ ವಕೀಲ ವಾದದ ನಡುವೆ ಲಯಬದ್ಧವಾಗಿ ಮಾತಾಡತೊಡಗುತ್ತಾನೆ.

ಈಗ ನೀನು, ನೀವು ವಿಷಯಕ್ಕೆ ಬರೋಣ. ಇದು ನಮ್ಮ ಸ್ಟುಡಿಯೋದಲ್ಲಿ ಅತಿ ಹೆಚ್ಚು ಜಗಳ ಆಗುವ ವಿಷಯ.

ಕೊರಿಯನ್ ಸರಣಿಗಳು ಈಗ ಸಾಲುಸಾಲಾಗಿ ಕನ್ನಡಕ್ಕೆ ಬರುತ್ತಿವೆ. ನನ್ನ ಕೈಗೆ ಬರುವುದು ಮಾತ್ರ ಇಂಗ್ಲಿಷ್ ಸ್ಕ್ರಿಪ್ಟ್. ಕೊರಿಯನ್ ಮಾತಿನಲ್ಲಿ ನಮ್ಮ ಹಾಗೇ, ನಮಗಿಂತ ಜಾಸ್ತಿಯೇ ಅನ್ನಬಹುದು, ಹಿರಿಯ ಕಿರಿಯ, ಪರಿಚಿತ ಅಪರಿಚಿತ ಅನ್ನುವ ಮಟ್ಟಗಳಿವೆ. ಇಂಗ್ಲಿಷ್ ನಡುವೆ ಬಂದು ಎಲ್ಲರನ್ನೂ ಒಂದೇ ಸಮ ಮಾಡಿ ನನ್ನ ಕೈಗೆ ಕೊಡುತ್ತದೆ. ನಾನು ಮತ್ತೆ ಅವರನ್ನೆಲ್ಲ ಅವರವರ ಜಾಗದಲ್ಲಿ ನಿಲ್ಲಿಸಬೇಕು. ಆಫೀಸಿನಲ್ಲಿ ಒಟ್ಟಿಗೆ ಕೆಲಸ ಮಾಡುವ ಹುಡುಗ ಹುಡುಗಿ ಮೊದಲ ಕಂತಿನಲ್ಲಿ 'ನೀವು' ಅನ್ನುತ್ತಾರೆ, ಕೊನೆಯ ಕಂತಿನಲ್ಲಿ 'ನೀನು' ಅನ್ನಲೇಬೇಕು. ಯಾವ ದೃಶ್ಯದಲ್ಲಿ ದಾಟಿಸುವುದು? ಸ್ಕ್ರಿಪ್ಟ್‌ನಲ್ಲಿ ಅದರ ಸುಳಿವೇ ಇರುವುದಿಲ್ಲ.

ಸುಳಿವು ಇರುವುದು ಮೂಲದ ಧ್ವನಿಯಲ್ಲಿ. ಕೊರಿಯನ್‌ನಲ್ಲಿ ಗೌರವ ಕೊಟ್ಟು ಮಾತಾಡುವಾಗ ವಾಕ್ಯ ಸಾಮಾನ್ಯವಾಗಿ 'ಯೊ' ಅಂತ ಮುಗಿಯುತ್ತದೆ. ಸಲುಗೆಯಲ್ಲಿ ಆ 'ಯೊ' ಉದುರಿಹೋಗುತ್ತದೆ. ನನಗೆ ಆ ಭಾಷೆ ಬರುವುದಿಲ್ಲ, ಆದರೆ ಈ ಒಂದು ಸದ್ದಿಗೆ ಕಿವಿ ಪಳಗಿದೆ. ಹೆಡ್‌ಫೋನ್ ಹಾಕಿಕೊಂಡು ಕಂತಿನಿಂದ ಕಂತಿಗೆ ಬರೀ 'ಯೊ' ಎಲ್ಲಿ ನಿಂತಿತು ಅಂತ ಹುಡುಕುತ್ತೇನೆ. ನೋಡುವವರಿಗೆ ನಾನು ಕೆಲಸ ಮಾಡುತ್ತಿದ್ದೇನೋ ಸರಣಿ ನೋಡುತ್ತಾ ಕೂತಿದ್ದೇನೋ ಅಂತ ಅನುಮಾನ.

ಒಂದು ಸರಣಿಯಲ್ಲಿ ಅದು ನಿಂತದ್ದು ಇಬ್ಬರೂ ಪ್ರೀತಿ ಹೇಳಿಕೊಳ್ಳುವ ದೃಶ್ಯದಲ್ಲಲ್ಲ, ಅದಕ್ಕಿಂತ ಮೊದಲೇ, ಒಂದು ಜಗಳದ ನಡುವೆ. ಹುಡುಗಿ ಸಿಟ್ಟಿನಲ್ಲಿ 'ಯೊ' ಮರೆಯುತ್ತಾಳೆ. ನಾನೂ ಅಲ್ಲೇ 'ನೀನು' ಅಂತ ಬರೆದೆ. ನಿರ್ಮಾಣದ ಕಡೆಯವರು ಒಪ್ಪಲಿಲ್ಲ, ಇಷ್ಟು ಬೇಗ ಏಕವಚನ ಬೇಡ ಅಂದರು. ವಾದ ಮುಗಿಸಿದ್ದು ಆ ಪಾತ್ರಕ್ಕೆ ಧ್ವನಿ ಕೊಡುತ್ತಿದ್ದವರು. ಮೈಕ್ ಮುಂದಿನಿಂದಲೇ ಹೇಳಿದರು: 'ಸರ್, ನೀವು ನೀವು ಅಂದ್ಕೊಂಡು ನನಗೆ ಜಗಳ ಆಡಕ್ಕೆ ಆಗಲ್ಲ.' ಅಲ್ಲಿಗೆ 'ನೀನು' ಪಾಸ್ ಆಯಿತು. ಜಗಳ ಮುಗಿದ ಮೇಲೆ ಇಬ್ಬರೂ ಮತ್ತೆ 'ನೀವು'ಗೆ ವಾಪಸ್ ಹೋಗುತ್ತಾರೆ, ಅದು ಇನ್ನೂ ಚೆಂದ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ನೋಡಿದವರಿಗೆ ಇದ್ಯಾವುದೂ ಸಿಗುವುದಿಲ್ಲ.

ನಮ್ಮ ಹಾಡುಗಳಿಗೆ ಈ ತಲೆನೋವೇ ಇಲ್ಲ ನೋಡಿ. ದೃಶ್ಯದಲ್ಲಿ 'ನೀವು ಯಾವಾಗ ಬಂದ್ರಿ' ಅಂತ ಸಂಕೋಚದಲ್ಲಿ ಮಾತಾಡುತ್ತಿದ್ದವರು ಹಾಡು ಶುರುವಾದ ಕೂಡಲೇ 'ನೀನು' ಅನ್ನುತ್ತಾರೆ. ಹಾಡು ಮುಗಿದ ಮೇಲೆ ಮತ್ತೆ ಬಹುವಚನ. ಯಾರೂ ಪ್ರಶ್ನೆ ಕೇಳುವುದಿಲ್ಲ.

ಇನ್ನು, ಯಾವ ಕಡೆಯ ಕನ್ನಡ ಅನ್ನುವ ಪ್ರಶ್ನೆ. ಡಬ್ಬಿಂಗ್‌ನಲ್ಲಿ ನಾಯಕ, ನಾಯಕಿ, ಡಾಕ್ಟರ್, ವಕೀಲ ಎಲ್ಲರೂ ಬೆಂಗಳೂರು ಮೈಸೂರಿನ ಕಡೆಯ ಕನ್ನಡ ಮಾತಾಡುತ್ತಾರೆ. ಕುಡುಕನೋ ಪೆದ್ದನೋ ಬಂದರೆ ಮಾತ್ರ 'ಸ್ವಲ್ಪ ಉತ್ತರ ಕರ್ನಾಟಕ ಹಾಕಿ, ಇಲ್ಲ ಮಂಡ್ಯ ಹಾಕಿ' ಅನ್ನುವ ಸೂಚನೆ ಬರುತ್ತದೆ. ನನಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ. ಧಾರವಾಡದಲ್ಲಿ ಹೃದಯದ ಆಪರೇಷನ್ ಮಾಡುವ ಡಾಕ್ಟರ್ ಇಲ್ಲವೇ? ಕುಂದಾಪುರದ ಹುಡುಗಿ ಬಾಹ್ಯಾಕಾಶ ವಿಜ್ಞಾನಿ ಆಗಿರಬಾರದೇ? ಬೇಂದ್ರೆ ಅಷ್ಟೆಲ್ಲ ಬರೆದದ್ದು ಯಾವ ಕನ್ನಡದಲ್ಲಿ ಅಂತ ಒಂದ್ಸಲ ನೆನಪಿಸಿಕೊಂಡರೆ ಸಾಕು. ಮೂಲದಲ್ಲೇ ಒಬ್ಬ ಪಾತ್ರ ಬೇರೆ ಸೀಮೆಯ ಮಾತಾಡುತ್ತಿದ್ದರೆ ಸರಿ, ಅದಕ್ಕೆ ಹೊಂದುವ ಒಂದನ್ನು ಹುಡುಕೋಣ. ನಗಿಸಲಿಕ್ಕೆ ಮಾತ್ರ ಅದು ಬೇಕು ಅಂದರೆ ನಾನು ಆ ಸಾಲಿನಲ್ಲಿ ನಗು ಬೇರೆ ಎಲ್ಲಾದರೂ ಇದೆಯಾ ಅಂತ ಹುಡುಕುತ್ತೇನೆ.

'ಡಬ್ಬಿಂಗ್ ಅಂದರೇನೇ ಕೃತಕ, ಒಬ್ಬರ ಬಾಯಿಗೆ ಇನ್ನೊಬ್ಬರ ಧ್ವನಿ' ಅನ್ನುವವರು ನನ್ನ ಗೆಳೆಯರಲ್ಲೇ ಇದ್ದಾರೆ. ಅವರ ಫೋನ್ ತುಂಬ ಹಳೆಯ ಸಿನಿಮಾ ಹಾಡುಗಳು. 1934ರಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ಬಂದಾಗ ನಟರೇ ಹಾಡಬೇಕಿತ್ತು. ಹಿನ್ನೆಲೆ ಗಾಯನ ಬಂದ ಮೇಲೆ ಹಾಡುವವರು ಒಬ್ಬರು, ತುಟಿ ಆಡಿಸುವವರು ಇನ್ನೊಬ್ಬರು. ರಾಜ್‌ಕುಮಾರ್ ಅವರಿಗೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹಾಡಿದವರು ಪಿ.ಬಿ. ಶ್ರೀನಿವಾಸ್. ಹುಟ್ಟಿದ್ದು ಕಾಕಿನಾಡದಲ್ಲಿ, ಮನೆಮಾತು ತೆಲುಗು. ಮಾತಿಗೆ ಅಣ್ಣಾವ್ರದೇ ಕಂಠ, ಹಾಡಿಗೆ ಬೇರೆ ಕಂಠ, ಆದರೂ ನೋಡುವವರು ಇದು ಒಬ್ಬನೇ ಮನುಷ್ಯ ಅಂತ ಒಪ್ಪಿಕೊಂಡಿದ್ದರು. 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆ ರಾಜ್ ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡತೊಡಗಿದರು, 1992ರ 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಅದು ಆ ಮಹಾನುಭಾವರ ಶಕ್ತಿ, ಬಿಡಿ. ಉಳಿದಂತೆ ನಮ್ಮ ತೆರೆಯ ಮೇಲಿನ ಎಷ್ಟೋ ನಾಯಕಿಯರು ಹೊರಗಿನಿಂದ ಬಂದವರು, ಅವರ ಹಾಡು ಮಾತ್ರವಲ್ಲ, ಮಾತೂ ಕಂಠದಾನ ಕಲಾವಿದೆಯರದು. ಅಂದರೆ ಅಪ್ಪಟ ಕನ್ನಡ ಸಿನಿಮಾದ ಒಳಗೇ ಕನ್ನಡ ಡಬ್ಬಿಂಗ್ ದಶಕಗಳಿಂದ ನಡೆಯುತ್ತಿದೆ. ಚೆನ್ನಾಗಿ ಮಾಡಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಬೇರೆ ಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗಬಾರದು ಅಂತ ಇಲ್ಲಿ ದಶಕಗಳ ಕಾಲ ಚಿತ್ರರಂಗವೇ ತಡೆ ಹಾಕಿತ್ತು. ಕಾನೂನಿನ ನಿಷೇಧ ಅಲ್ಲ, ಒಳಗಿನ ಕಟ್ಟುಪಾಡು. ನಮ್ಮ ಕಲಾವಿದರಿಗೆ, ಕಾರ್ಮಿಕರಿಗೆ ಕೆಲಸ ಹೋಗುತ್ತದೆ ಅನ್ನುವ ಭಯ ಸುಳ್ಳಿನದಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇಂಥ ತಡೆ ಸ್ಪರ್ಧೆಗೆ ವಿರುದ್ಧ ಅಂತ ತೀರ್ಪು ಕೊಟ್ಟು ದಂಡ ಹಾಕಿತು. 2018ರಲ್ಲಿ 'ಕೆಜಿಎಫ್' ಹಿಂದಿ, ತಮಿಳು, ತೆಲುಗು, ಮಲಯಾಳಕ್ಕೆ ಡಬ್ ಆಗಿ ಹೋದಾಗ ನಾವೆಲ್ಲ ಕಾಲರ್ ಎತ್ತಿಕೊಂಡು ಓಡಾಡಿದೆವು. ಹೊರಗೆ ಹೋಗುವಾಗ ಹೆಮ್ಮೆ, ಒಳಗೆ ಬರುವಾಗ ಮುನಿಸು, ಇದು ಎಷ್ಟು ಸರಿ? ತಡೆಯಿಂದ ಆದ ಒಂದು ನಷ್ಟದ ಬಗ್ಗೆ ಯಾರೂ ಮಾತಾಡುವುದಿಲ್ಲ: ಡಬ್ಬಿಂಗ್‌ಗೆ ಬರೆಯುವ ಕಸುಬು ನಮ್ಮಲ್ಲಿ ಬೆಳೆಯಲೇ ಇಲ್ಲ. ಪಕ್ಕದ ಭಾಷೆಗಳಲ್ಲಿ ಅದನ್ನೇ ಮಾಡಿ ತಲೆ ಹಣ್ಣಾದವರಿದ್ದಾರೆ. ನಮಗೆ ಕೇಳಿ ಕಲಿಯೋಣ ಅಂದರೆ ಹಿರಿಯರೇ ಇರಲಿಲ್ಲ, ಅದಕ್ಕೇ ಹಾಡಿನ ಮೊರೆ ಹೋದದ್ದು.

ಡಬ್ ಆದ ಕನ್ನಡ ಕೇಳಲು ಆಗುವುದಿಲ್ಲ ಅನ್ನುವ ದೂರು ಮಾತ್ರ ಬಹಳ ಸಲ ನಿಜ. ನಾನೇ ಎದ್ದು ಹೋಗಿದ್ದೇನೆ. ಪೊಲೀಸ್ ಪೇದೆ ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತಾ 'ದಯವಿಟ್ಟು ನಿಲ್ಲು, ಇಲ್ಲವಾದಲ್ಲಿ ಗುಂಡು ಹಾರಿಸಲಾಗುವುದು' ಅಂದರೆ ಕಳ್ಳ ಯಾಕೆ ನಿಲ್ಲುತ್ತಾನೆ? ಇದನ್ನು ಕೇಳಿದ ಜನ ಕನ್ನಡವೇ ಇಂಥದ್ದಕ್ಕೆ ಒಗ್ಗುವುದಿಲ್ಲ ಅನ್ನುತ್ತಾರೆ. ಬರೆದವನಿಗೆ ಎಷ್ಟು ಹೊತ್ತು ಸಿಕ್ಕಿತ್ತು ಅಂತ ಯಾರೂ ಕೇಳುವುದಿಲ್ಲ. ಕಂತಿಗೆ ಇಷ್ಟು ಅಂತ ದುಡ್ಡು, ನಾಳೆ ರೆಕಾರ್ಡಿಂಗ್, ಇವತ್ತು ಸಂಜೆ ಸ್ಕ್ರಿಪ್ಟ್. ಈಗ ಯಂತ್ರದಲ್ಲಿ ಅನುವಾದ ಮಾಡಿ 'ಸ್ವಲ್ಪ ತಿದ್ದಿಕೊಡಿ' ಅಂತ ಕಳಿಸುವವರೂ ಬಂದಿದ್ದಾರೆ, ತಿದ್ದಿದ್ದಕ್ಕೆ ಅರ್ಧ ದುಡ್ಡು. ಯಂತ್ರ ಬರೆದ ಸಾಲು ಓದಲಿಕ್ಕೆ ತಕ್ಕಮಟ್ಟಿಗೆ ಇರುತ್ತದೆ. ಬಾಯಿಗೆ ಇಟ್ಟು ನೋಡಿದರೆ ಮಾತ್ರ ಒಂದೂ ನಿಲ್ಲುವುದಿಲ್ಲ, ಕೊನೆಗೆ ಮೊದಲಿನಿಂದ ಬರೆಯುವುದೇ ಆಗುತ್ತದೆ, ಹಾಗೆ ಬರೆದದ್ದೂ 'ತಿದ್ದಿದ್ದು' ಅಂತಲೇ ಬಿಲ್ ಆಗುತ್ತದೆ.

ಹೆಸರಿನ ವಿಷಯ ಕೇಳಬೇಡಿ. ಕನ್ನಡ ಡೈಲಾಗ್ ಯಾರು ಬರೆದರು, ಯಾರ್ಯಾರು ಧ್ವನಿ ಕೊಟ್ಟರು ಅನ್ನುವುದು ಎಲ್ಲ ಭಾಷೆಯವರ ಪಟ್ಟಿ ಮುಗಿದ ಮೇಲೆ ಕಟ್ಟಕಡೆಗೆ ಬರುತ್ತದೆ. ಬಂದರೆ. ಅಷ್ಟರಲ್ಲಿ ಆ್ಯಪ್ ತಾನೇ ಮುಂದಿನ ಕಂತು ಶುರು ಮಾಡಿರುತ್ತದೆ. ಆ ಪತ್ತೇದಾರಿ ಸರಣಿಯನ್ನು ಮನೆಯವರನ್ನೆಲ್ಲ ಕೂರಿಸಿಕೊಂಡು ನೋಡಿದಾಗ ರಿಮೋಟ್ ನನ್ನ ಕೈಯಲ್ಲೇ ಇಟ್ಟುಕೊಂಡಿದ್ದೆ, ಕೊನೆಯವರೆಗೂ ಓಡಿಸಿದೆ. ಹೆಸರು ಬಂತು, ಕಾಗುಣಿತ ತಪ್ಪಾಗಿತ್ತು. ಅಮ್ಮ ಕೇಳಿದ್ದು ಒಂದೇ: 'ಆ ತಮ್ಮ ಯಾಕೆ ಕೊಂದ, ಅದನ್ನ ಹೇಳಲೇ ಇಲ್ವಲ್ಲೋ?' ಎರಡನೇ ಸೀಸನ್ ಬರುತ್ತಂತೆ ಅಮ್ಮಾ ಅಂದೆ.